ಚಿತ್ರಗ್ರಂಥಗಳಿಗೆ ಗಡಿನಾಡಿನ ಓದುಗನ ಸಾಕ್ಷ್ಯ

ಚಲನಚಿತ್ರವನ್ನು ಕುರಿತು ಕನ್ನಡದಲ್ಲಿ ಹೊರಬರುತ್ತಿರುವ ಗ್ರಂಥಗಳು ಈಗ ಬೆರಳೆಣಿಕೆಯವಲ್ಲ. ನಟರ ಜೀವನಚರಿತ್ರೆಗಳು, ನಿರ್ದೇಶಕರ ಆತ್ಮಕಥನಗಳು, ಒಂದೊಂದು ಚಿತ್ರದ ಹುಟ್ಟಿನ ವೃತ್ತಾಂತಗಳು, ಹಾಡುಗಳ ಹಿನ್ನೆಲೆಯನ್ನು ಅರಸುವ ಅಂಕಣಸಂಗ್ರಹಗಳು, ವಿದ್ಯಾಪೀಠಗಳ ಮಹಾಪ್ರಬಂಧಗಳು ಇವೆಲ್ಲವೂ ಪುಸ್ತಕದಂಗಡಿಗಳಲ್ಲಿಯೂ ಗ್ರಂಥಾಲಯಗಳಲ್ಲಿಯೂ ತಕ್ಕ ಸ್ಥಾನವನ್ನು ಪಡೆದಿವೆ. ಆದರೆ ಈ ಗ್ರಂಥಗಳನ್ನು ಹಣ ತೆತ್ತು ಕೊಂಡು, ಅಥವಾ ವಾಚನಾಲಯದಿಂದ ಎರವಲು ತಂದು, ದಿನದ ದುಡಿಮೆ ಮುಗಿದ ಮೇಲೆ ಆಸಕ್ತಿಯಿಂದ ಓದಿ ಮುಗಿಸಿದ ಸಾಮಾನ್ಯ ಓದುಗನು ಅವುಗಳ ವಿಷಯವಾಗಿ ಏನು ಭಾವಿಸಿದನು, ಎಲ್ಲಿ ತಲೆದೂಗಿದನು, ಎಲ್ಲಿ ಅಸಮ್ಮತಿಯಿಂದ ಪುಟದಂಚಿನಲ್ಲಿ ಗೆರೆಯೆಳೆದನು ಎಂಬುದು ಮಾತ್ರ ಅಚ್ಚಿನಲ್ಲಿ ಕಾಣಸಿಗುವುದು ದುರ್ಲಭವಾಗಿದೆ. ಇದನ್ನೊಂದು ಸಣ್ಣ ಕೊರತೆಯೆಂದು ಬದಿಗಿಡುವುದು ಸುಲಭ. ಆದರೆ ಕನ್ನಡ ಚಲನಚಿತ್ರದ ಚರಿತ್ರೆ ಇಂದಿಗೂ ಅರೆಯಾಗಿ ಉಳಿದಿರುವುದಕ್ಕೆ ಈ ಮೌನವೂ ಒಂದು ಕಾರಣವೆಂದೂ, ಆ ಮೌನವನ್ನು ಮುರಿಯಬಲ್ಲವರಲ್ಲಿ ಬೆಳಗಾವಿ ನಗರದ ಮತ್ತು ಖಾನಾಪುರ ಸೀಮೆಯ ಓದುಗರು ಮೊದಲ ಸಾಲಿನಲ್ಲಿ ನಿಲ್ಲತಕ್ಕವರೆಂದೂ ನಾನು ದೃಢವಾಗಿ ನಂಬಿದ್ದೇನೆ.

ಶಾಸನಗಳ ವಿಷಯದ ಗ್ರಂಥವನ್ನು ಓದುವವನ ಸ್ಥಿತಿಗೂ ಸಿನಿಮಾ ಗ್ರಂಥವನ್ನು ಓದುವವನ ಸ್ಥಿತಿಗೂ ಒಂದು ಮುಖ್ಯವಾದ ಭೇದವುಂಟು. ಖಾನಾಪುರ ತಾಲೂಕಿನ ಹಲಸಿಯ ಕದಂಬ ಶಾಸನವನ್ನು ಬರೆಸಿದಾಗ ಅಲ್ಲಿದ್ದವರು ಯಾರೂ ಇಂದು ನಮ್ಮ ನಡುವೆ ಇಲ್ಲ. ಸಿನಿಮಾ ಗ್ರಂಥದ ಓದುಗನಾದರೋ ಆ ಗ್ರಂಥದಲ್ಲಿ ವರ್ಣಿತವಾದ ಘಟನೆಯಲ್ಲಿ ಅನೇಕ ವೇಳೆ ತಾನೇ ಪಾಲುಗೊಂಡವನು. ಚಿತ್ರ ಬಿಡುಗಡೆಯಾದ ದಿನ ಟಿಕೇಟಿನ ಸಾಲಿನಲ್ಲಿ ನಿಂತವನು ಅವನು; ಯಾವ ಮಾತಿಗೆ ಇಡೀ ಟಾಕೀಸು ನಕ್ಕಿತು, ಯಾವ ಹಾಡಿಗೆ ಜನ ಪರದೆಯ ಮೇಲೆ ಚಿಲ್ಲರೆ ತೂರಿದರು, ಯಾವ ದೃಶ್ಯದಲ್ಲಿ ಹೆಂಗಸರ ಸಾಲಿನಿಂದ ಬಿಕ್ಕುವ ಸದ್ದು ಕೇಳಿಬಂದಿತು, ಯಾವ ಚಿತ್ರ ಒಂದೇ ವಾರಕ್ಕೆ ಎತ್ತಂಗಡಿಯಾಯಿತು ಎಂಬುದನ್ನು ಬಲ್ಲವನು ಅವನು. ಲೇಖಕನು ಪತ್ರಗಳನ್ನೂ ಪ್ರಕಟಣೆಗಳನ್ನೂ ಸಂದರ್ಶನಗಳನ್ನೂ ಆಧರಿಸಿ ಚಿತ್ರವು ಹೇಗೆ ಸಿದ್ಧವಾಯಿತೆಂಬುದನ್ನು ಹೇಳಬಲ್ಲನೇ ಹೊರತು, ಅದು ಊರೂರಿನಲ್ಲಿ ಹೇಗೆ ಸ್ವೀಕೃತವಾಯಿತೆಂಬುದನ್ನು ಓದುಗನ ಸಹಾಯವಿಲ್ಲದೆ ಹೇಳಲಾರನು. ಆದಕಾರಣ ಸಿನಿಮಾ ಗ್ರಂಥದ ಓದುಗನು ಕೇವಲ ರಸಗ್ರಾಹಿಯಲ್ಲ, ಸಾಕ್ಷಿಯೂ ಹೌದು.

ಸಾಕ್ಷಿಯ ಮಾತಿಗೆ ಬೆಲೆ ಎಷ್ಟೆಂಬುದನ್ನು ಕನ್ನಡದ ಮೊದಲ ವಾಕ್ಚಿತ್ರದ ಗತಿಯೇ ತಿಳಿಸುತ್ತದೆ. ವೈ. ವಿ. ರಾವ್ ಅವರು ನಿರ್ದೇಶಿಸಿದ, ಬೆಳ್ಳಾವೆ ನರಹರಿಶಾಸ್ತ್ರಿಗಳು ಸಾಹಿತ್ಯ ಒದಗಿಸಿದ, ಎಂ. ವಿ. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಮುಂತಾದವರು ಅಭಿನಯಿಸಿದ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು. ಇಂದು ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪಿತವಾದುದು 1964ರಲ್ಲಿ, ಅಂದರೆ ಕನ್ನಡ ಮಾತಾಡಿದ ಮೊದಲ ಚಿತ್ರ ಬಂದು ಮೂವತ್ತು ವರ್ಷಗಳು ಸಂದ ಮೇಲೆ. ಅಷ್ಟರಲ್ಲಿ ಅದೆಷ್ಟೋ ಫಿಲ್ಮಿನ ಸುರುಳಿಗಳು ನಶಿಸಿಹೋಗಿದ್ದವು. ಚಿತ್ರವೇ ಅಳಿದ ಮೇಲೆ ಅದರ ವಿಷಯವಾಗಿ ನಮಗೆ ಉಳಿದಿರುವುದು ಅದರಲ್ಲಿ ದುಡಿದವರ ನೆನಪುಗಳು, ಆ ಕಾಲದ ಪತ್ರಿಕೆಗಳ ತುಣುಕುಗಳು ಮತ್ತು ಅವನ್ನು ಕೂಡಿಸಿ ಬರೆದ ಗ್ರಂಥಗಳು ಮಾತ್ರ. ಆ ದಿನ ಆ ಚಿತ್ರವನ್ನು ಕಂಡು ಮನೆಗೆ ಮರಳಿದ ನೂರಾರು ಜನರಲ್ಲಿ ಹತ್ತು ಮಂದಿ ತಮ್ಮ ಅಭಿಪ್ರಾಯವನ್ನು ಬರೆದಿಟ್ಟು, ಯಾವುದಾದರೊಂದು ಪತ್ರಿಕೆ ಅದನ್ನು ಪ್ರಕಟಿಸಿದ್ದರೆ, ಇಂದಿನ ಚರಿತ್ರಕಾರನ ಕೆಲಸ ಎಷ್ಟು ಸಮೃದ್ಧವಾಗುತ್ತಿತ್ತೆಂಬುದನ್ನು ಊಹಿಸಿ ನೋಡಬಹುದು.

ಈ ಚಿತ್ರದ ಹುಟ್ಟಿನ ಕಥೆಯಲ್ಲಿ ಬೆಳಗಾವಿಯ ಓದುಗನು ವಿಶೇಷವಾಗಿ ಗುರುತಿಸಬಹುದಾದ ಇನ್ನೊಂದು ಸಂಗತಿಯಿದೆ. ಬೆಂಗಳೂರಿನಲ್ಲಿ ಬಿಡುಗಡೆಯಾದ ಆ ಚಿತ್ರವು ಚಿತ್ರಿತವಾದುದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಿಯೂ ಅಲ್ಲ, ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಬೆಳಗಾವಿಯಿಂದ ಬೆಳಗಿನ ಬಸ್ಸು ಹತ್ತಿದವನು ನಿಪ್ಪಾಣಿಯನ್ನು ದಾಟಿ ಊಟದ ಹೊತ್ತಿಗೆ ತಲಪಬಹುದಾದ ಊರು ಅದು. ಬಾಬುರಾವ್ ಪೇಂಟರರು ತಮ್ಮ ಶಿಷ್ಯರನ್ನು ತರಬೇತುಗೊಳಿಸಿದ, 1929ರಲ್ಲಿ ಪ್ರಭಾತ ಫಿಲ್ಮ್ ಕಂಪನಿ ಹುಟ್ಟಿದ, ದಕ್ಷಿಣ ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ನಾಟಕ ಕಂಪನಿಗಳ ಕಲಾವಿದರು ಉದ್ಯೋಗ ಅರಸಿ ಹೋಗುತ್ತಿದ್ದ ಆ ನಗರವು ಕನ್ನಡ ವಾಕ್ಚಿತ್ರಕ್ಕೂ ತೊಟ್ಟಿಲಾಯಿತೆಂಬುದನ್ನು ನಮ್ಮ ಗ್ರಂಥಗಳು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿಬಿಡುತ್ತವೆ. ಆ ಒಂದು ವಾಕ್ಯವು ಒಂದು ಅಧ್ಯಾಯವಾಗತಕ್ಕದ್ದೆಂದು ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಬೆಳಗಾವಿಯ ಓದುಗನಿಗೆ ಮೊದಲು ಇದೆ.

ಕನ್ನಡದಲ್ಲಿ ಚಿತ್ರಗ್ರಂಥಗಳನ್ನು ರಚಿಸಿದವರ ಶ್ರಮವನ್ನು ಕಡಿಮೆಯೆಂದು ಎಣಿಸುವ ಉದ್ದೇಶ ನನಗಿಲ್ಲ. ಕೆ. ಪುಟ್ಟಸ್ವಾಮಿಯವರ ‘ಸಿನಿಮಾ ಯಾನ’ 2009ರ ಸಾಲಿನಲ್ಲಿಯೂ, ದೊಡ್ಡಹುಲ್ಲೂರು ರುಕ್ಕೋಜಿಯವರ ಬೃಹತ್ ಕೃತಿಯಾದ ‘ಡಾ. ರಾಜ್‌ಕುಮಾರ್ ಸಮಗ್ರ ಚರಿತ್ರೆ’ 2015ರ ಸಾಲಿನಲ್ಲಿಯೂ ಚಲನಚಿತ್ರ ಗ್ರಂಥಕ್ಕೆ ಸಲ್ಲುವ ರಾಷ್ಟ್ರಪ್ರಶಸ್ತಿಯನ್ನು ಕನ್ನಡಕ್ಕೆ ತಂದುಕೊಟ್ಟವು. ಇಡೀ ಭಾರತದ ಭಾಷೆಗಳ ಗ್ರಂಥಗಳೊಡನೆ ತೂಗಿ ಕನ್ನಡದ ಕೃತಿಗಳಿಗೆ ಆ ಗೌರವ ದೊರೆತುದು ನಮ್ಮ ಲೇಖಕರ ಸಾಮರ್ಥ್ಯಕ್ಕೆ ಪ್ರಮಾಣ. ಆದರೆ ಚಿತ್ರವಿಮರ್ಶಕ ಎಂ. ಕೆ. ರಾಘವೇಂದ್ರ ಅವರು 2011ರಲ್ಲಿ ಪ್ರಕಟಿಸಿದ ‘ಬೈಪೋಲಾರ್ ಐಡೆಂಟಿಟಿ’ ಎಂಬ ಇಂಗ್ಲಿಷ್ ಗ್ರಂಥದಲ್ಲಿ ಮಂಡಿಸಿದ ವಾದವನ್ನು ಇಲ್ಲಿ ನೆನೆಯಬೇಕು: ಕನ್ನಡ ಚಲನಚಿತ್ರವು ಬಹುಕಾಲ ಹಳೆಯ ಮೈಸೂರು ಸಂಸ್ಥಾನದ ಪ್ರಜೆಯನ್ನೇ ತನ್ನ ಪ್ರೇಕ್ಷಕನೆಂದು ಕಲ್ಪಿಸಿಕೊಂಡು ಬೆಳೆಯಿತೆಂಬುದು ಅದರ ತಿರುಳು. ಈ ವಾದವನ್ನು ಬೆಂಗಳೂರಿನ ಓದುಗನು ಒಂದು ಸಿದ್ಧಾಂತವೆಂದು ಓದಬಹುದು. ಬೆಳಗಾವಿಯ ಓದುಗನಿಗೆ ಅದು ಸ್ವಾನುಭವದ ಪ್ರಶ್ನೆ. ತೆರೆಯ ಮೇಲಿನ ನಾಯಕನು ಆಡಿದ ಕನ್ನಡವು ತನ್ನ ಮನೆಯ ಕನ್ನಡವಾಗಿರದಿದ್ದಾಗ, ಗಡಿನಾಡಿನ ಪ್ರೇಕ್ಷಕನು ಅದನ್ನು ದೂರದ ಸಂಬಂಧಿಕನ ಮಾತೆಂದು ಕೇಳಿದನೇ, ಅಥವಾ ಅದನ್ನೇ ಆದರ್ಶವೆಂದು ಒಪ್ಪಿ ಹೆಮ್ಮೆಪಟ್ಟನೇ? ರಾಜಕುಮಾರರ ಚಿತ್ರಗಳು ಗ್ಲೋಬ್, ಚಿತ್ರಾ, ಪ್ರಕಾಶದಂತಹ ಇಲ್ಲಿನ ಟಾಕೀಸುಗಳಲ್ಲಿ ಮರಾಠಿ ಹಾಗೂ ಹಿಂದೀ ಚಿತ್ರಗಳೊಡನೆ ಸ್ಪರ್ಧಿಸಿದ ನಗರವಿದು. 1982ರ ಗೋಕಾಕ ಚಳವಳಿಯಲ್ಲಿ ಅದೇ ರಾಜಕುಮಾರರು ಭಾಷೆಯ ನಾಯಕರಾಗಿ ನಿಂತಾಗ ಅದರ ಅರ್ಥವನ್ನು ಇತರರಿಗಿಂತ ತೀವ್ರವಾಗಿ ಅನುಭವಿಸಿದ ನಗರವೂ ಇದೇ. ಇಲ್ಲಿಯ ಓದುಗನ ಉತ್ತರವಿಲ್ಲದೆ ರಾಘವೇಂದ್ರರ ವಾದವನ್ನು ಒಪ್ಪುವುದಾಗಲಿ ತಿರಸ್ಕರಿಸುವುದಾಗಲಿ ಅವಸರದ ತೀರ್ಪಾದೀತು.

ಬೆಳಗಾವಿಯ ಓದುಗನಿಗಿರುವ ಮತ್ತೊಂದು ಭಾಗ್ಯವೆಂದರೆ ಎರಡು ಭಾಷೆಗಳ ಚಿತ್ರಸಾಹಿತ್ಯವೂ ಅವನ ಕೈಗೆಟಕುವಂತಿರುವುದು. ಹುಬ್ಬಳ್ಳಿಯ ಬಳಿಯ ಅದರಗುಂಚಿಯಿಂದ ಹೊರಟ ಶಾಂತಾ ಹುಬ್ಳೀಕರರು ವಿ. ಶಾಂತಾರಾಮರ ‘ಮಾಣೂಸ್’ ಚಿತ್ರದಿಂದ 1939ರಲ್ಲಿ ಮನೆಮಾತಾದರು. ಮೂರೇ ವರ್ಷಗಳ ತರುವಾಯ ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ದಲ್ಲಿ, ಅ. ನ. ಕೃಷ್ಣರಾಯರು ಬರೆದ ಕನ್ನಡ ಮಾತುಗಳನ್ನು ಆಡಿದರು. ಅವರು ತಮ್ಮ ಬದುಕಿನ ಏಳುಬೀಳುಗಳನ್ನು ಬರೆದಿಟ್ಟುದು ‘ಕಶಾಲಾ ಉದ್ಯಾಚೀ ಬಾತ’ ಎಂಬ ಮರಾಠಿ ಆತ್ಮಕಥೆಯಲ್ಲಿ. ಧಾರವಾಡದಲ್ಲಿ ಜನಿಸಿದ ನಟಿ ಲೀಲಾ ಚಿಟ್ನೀಸರ ‘ಚಂದೇರಿ ದುನಿಯೇತ’ 1981ರಲ್ಲಿ ಪ್ರಕಟವಾದುದು ಮರಾಠಿಯಲ್ಲಿಯೇ. ‘ಶಾಂತಾರಾಮಾ’ ಎಂಬ ಆತ್ಮಕಥೆಯನ್ನು ಬಿಟ್ಟುಹೋದ ಶಾಂತಾರಾಮರಾದರೂ ತಾರುಣ್ಯದ ಕೆಲವು ದಿನಗಳನ್ನು ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಕಳೆದವರು. ಚಿಕ್ಕೋಡಿ ಸೀಮೆಯ ಖಡಕಲಾಟದಲ್ಲಿ ಹುಟ್ಟಿ ಮರಾಠಿ ಮತ್ತು ಹಿಂದೀ ತೆರೆಗಳ ಮೇಲೆ ತಾಯಿಯ ಪಾತ್ರಗಳಿಗೆ ಮರ್ಯಾದೆಯನ್ನು ತಂದ ಸುಲೋಚನಾ ಅವರೂ ಈ ಜಿಲ್ಲೆಯ ಮಗಳೇ. ಬೀಳಗಿಯ ಗಾಯಕಿ, ನಟಿ ಅಮೀರಬಾಯಿ ಕರ್ನಾಟಕಿಯವರ ಬದುಕನ್ನು ಹುಡುಕಿ ತೆಗೆದು ರಹಮತ್ ತರೀಕೆರೆಯವರು ಕನ್ನಡದಲ್ಲಿ ಗ್ರಂಥ ಬರೆದುದು, ಈ ಪ್ರದೇಶದ ಕಲಾವಿದರನ್ನು ಕನ್ನಡದ ಕಣ್ಣಿನಿಂದ ಮತ್ತೆ ನೋಡುವ ಕಾರ್ಯಕ್ಕೆ ಒಳ್ಳೆಯ ಮೇಲ್ಪಂಕ್ತಿಯಾಯಿತು. ಈ ಎಲ್ಲ ಪುಸ್ತಕಗಳನ್ನೂ ಒಂದರ ಪಕ್ಕದಲ್ಲೊಂದನ್ನು ಇಟ್ಟು ಓದಬಲ್ಲವನು, ಒಂದರಲ್ಲಿ ಬಿಟ್ಟುಹೋದುದನ್ನು ಇನ್ನೊಂದರಿಂದ ತುಂಬಬಲ್ಲವನು, ಕನ್ನಡವನ್ನೂ ಮರಾಠಿಯನ್ನೂ ಬಲ್ಲ ಗಡಿನಾಡಿನ ಓದುಗನಲ್ಲದೆ ಮತ್ತಾರು?

ಮರಾಠಿಯ ಮಹಾನ್ ಲೇಖಕ ಪು. ಲ. ದೇಶಪಾಂಡೆಯವರು ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದರೆಂಬುದು ಇಲ್ಲಿಯ ಹಿರಿಯರಿಗೆ ತಿಳಿದ ವಿಷಯ. ಅವರು ಬರೆದ ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರದ ನಾಯಕರು ಈ ಊರಿನಲ್ಲಿ ಚಿತ್ರಮಂದಿರ ನಡೆಸುತ್ತಿದ್ದ, ಕನ್ನಡದ ಲಯದಲ್ಲಿ ಮರಾಠಿಯನ್ನಾಡುತ್ತಿದ್ದ, ಸಂಗೀತಗಾರರನ್ನೂ ನಟರನ್ನೂ ಪ್ರಾಣದಂತೆ ಪ್ರೀತಿಸುತ್ತಿದ್ದ ಒಬ್ಬ ರಸಿಕ ಗೃಹಸ್ಥರು. ಚಲನಚಿತ್ರದ ಗ್ರಂಥಗಳ ಪಟ್ಟಿಯಲ್ಲಿ ಯಾರೂ ಈ ಬರಹವನ್ನು ಸೇರಿಸುವುದಿಲ್ಲ. ಆದರೆ ಚಿತ್ರವನ್ನು ತಯಾರಿಸುವವನಿಗೂ ಅದನ್ನು ನೋಡುವವನಿಗೂ ನಡುವೆ ನಿಂತ ಪ್ರದರ್ಶಕನೆಂಬ ಮೂರನೆಯ ವ್ಯಕ್ತಿಯನ್ನು ಇಷ್ಟು ಜೀವಂತವಾಗಿ ಚಿತ್ರಿಸಿದ ಬರಹಗಳು ಭಾರತೀಯ ಸಾಹಿತ್ಯದಲ್ಲಿಯೇ ವಿರಳ. ದೇಶಪಾಂಡೆಯವರು ತಾವೇ ಕಥೆ, ನಿರ್ದೇಶನ, ಸಂಗೀತ, ಅಭಿನಯಗಳನ್ನು ನಿರ್ವಹಿಸಿದ ‘ಗುಳಾಚಾ ಗಣಪತಿ’ 1953ರಲ್ಲಿ ತೆರೆಗೆ ಬಂದಾಗ ಅದರಲ್ಲಿ ಅಭಂಗವನ್ನು ಹಾಡಿದವರು ಗದುಗಿನ ಭೀಮಸೇನ ಜೋಶಿಯವರು. ಕನ್ನಡದ ಕಂಠ, ಮರಾಠಿಯ ಚಿತ್ರ, ಬೆಳಗಾವಿಯ ಸ್ನೇಹ ಇವು ಮೂರೂ ಹೀಗೆ ಹೆಣೆದುಕೊಂಡಿದ್ದ ಕಾಲವನ್ನು ಭಾಷೆಯ ಗಡಿಯಲ್ಲಿ ಕತ್ತರಿಸಿ ಎರಡು ಬೇರೆ ಬೇರೆ ಚರಿತ್ರೆಗಳನ್ನಾಗಿ ಬರೆಯುವಾಗ, ಕತ್ತರಿಯ ಬಾಯಿಗೆ ಸಿಕ್ಕು ನಷ್ಟವಾಗುವುದು ನಮ್ಮ ಊರಿನ ಪಾಲೇ. ಈ ಮಾತನ್ನು ನಾನು ಕನ್ನಡದ ಅಭಿಮಾನಿಯಾಗಿಯೇ ಹೇಳುತ್ತಿದ್ದೇನೆ. ನೆರೆಯ ಭಾಷೆಯ ಗ್ರಂಥದಲ್ಲಿ ಅಡಗಿರುವ ನಮ್ಮ ಚರಿತ್ರೆಯನ್ನು ನಾವು ಓದಿ ನಮ್ಮದಾಗಿಸಿಕೊಂಡರೆ ಕನ್ನಡಕ್ಕೆ ಲಾಭವೇ ಹೊರತು ಎಳ್ಳಷ್ಟೂ ಹಾನಿಯಿಲ್ಲ.

ಇನ್ನು ಕನ್ನಡ ಚಿತ್ರಕ್ಕೆ ಬೆಳಗಾವಿ ಜಿಲ್ಲೆಯ ಸಾಹಿತ್ಯ ಕೊಟ್ಟ ದಾನದ ಲೆಕ್ಕವನ್ನೂ ಓದುಗರೇ ಕೇಳಬೇಕಾಗಿದೆ. ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕಥೆ ಕಾದಂಬರಿಗಳಿಂದ ‘ಕರುಣೆಯೇ ಕುಟುಂಬದ ಕಣ್ಣು’, ‘ಕುಲವಧು’, 1977ರ ‘ಸನಾದಿ ಅಪ್ಪಣ್ಣ’ ಮುಂತಾದ ಚಿತ್ರಗಳು ಹುಟ್ಟಿದವು. ಕೊನೆಯದಕ್ಕೆ ಸಾಕ್ಷಾತ್ ಬಿಸ್ಮಿಲ್ಲಾ ಖಾನರೇ ಶಹನಾಯಿ ನುಡಿಸಿದರು. ಘೋಡಗೇರಿಯ ಚಂದ್ರಶೇಖರ ಕಂಬಾರರು ‘ಕಾಡು ಕುದುರೆ’ಯನ್ನು ತಾವೇ ನಿರ್ದೇಶಿಸಿ 1979ರಲ್ಲಿ ಈ ಸೀಮೆಯ ಕನ್ನಡಕ್ಕೆ ತೆರೆಯ ಮೇಲೆ ಗೌರವದ ಪೀಠವನ್ನು ಹಾಕಿಸಿದರು, ಅದರ ಹಾಡಿಗಾಗಿ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಪುರಾಣಿಕರ ಕಾದಂಬರಿಯನ್ನು ಮೊದಲು ಓದಿ ಅನಂತರ ಚಿತ್ರವನ್ನು ನೋಡಿದ ತಲೆಮಾರು ಗೋಕಾಕ, ಬೈಲಹೊಂಗಲ, ಬೆಳಗಾವಿಗಳಲ್ಲಿ ಇನ್ನೂ ನಮ್ಮೊಡನಿದೆ. ಮೂಲದಲ್ಲಿದ್ದ ಮನೆತನದ ಚಿತ್ರ ತೆರೆಗೆ ಬರುವಾಗ ಏನು ಕಳೆದುಕೊಂಡಿತು, ಏನು ಗಳಿಸಿತು, ಈ ಕಡೆಯ ಮಾತು ಯಾವಾಗ ಕೇವಲ ನಗಿಸುವ ಪಾತ್ರಕ್ಕೆ ಮೀಸಲಾಯಿತು, ಯಾವಾಗ ಗಂಭೀರವಾದ ಪಾತ್ರಕ್ಕೂ ದೊರೆಯಿತು ಎಂಬ ಪ್ರಶ್ನೆಗಳಿಗೆ ಆ ತಲೆಮಾರಿನ ಉತ್ತರವನ್ನು ಈಗಲೇ ಬರೆಸಿಕೊಳ್ಳದಿದ್ದರೆ ಮುಂದೆ ಯಾವ ಸಂಶೋಧಕನಿಗೂ ಅದು ಸಿಗಲಾರದು.

ಖಾನಾಪುರದ ಓದುಗನ ಹಕ್ಕು ಇನ್ನೂ ವಿಶಿಷ್ಟವಾದುದು. ಕಿತ್ತೂರಿನ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು 1831ರಲ್ಲಿ ಗಲ್ಲಿಗೇರಿಸಿದುದು ಈ ತಾಲೂಕಿನ ನಂದಗಡದಲ್ಲಿ. ಅವನ ಸಮಾಧಿ ಇರುವುದೂ ಅಲ್ಲಿಯೇ. ಬಿ. ಆರ್. ಪಂತುಲು ಅವರು ಬಿ. ಸರೋಜಾದೇವಿಯವರನ್ನು ನಾಯಕಿಯನ್ನಾಗಿಸಿ 1961ರಲ್ಲಿ ‘ಕಿತ್ತೂರು ಚೆನ್ನಮ್ಮ’ ಚಿತ್ರವನ್ನು ತೆಗೆದರು. 2012ರಲ್ಲಿ ನಾಗಣ್ಣನವರ ನಿರ್ದೇಶನದಲ್ಲಿ ದರ್ಶನ್ ಅವರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂದಿತು. ಐತಿಹಾಸಿಕ ಚಿತ್ರಗಳನ್ನು ಕುರಿತು ಬರೆಯುವ ಗ್ರಂಥಕಾರರು ವೇಷಭೂಷಣ, ಸಂಭಾಷಣೆ, ಗಳಿಕೆ ಇವುಗಳ ವಿಷಯವನ್ನು ಹೇಳುತ್ತಾರೆ. ಆದರೆ ರಾಯಣ್ಣನ ಲಾವಣಿಯನ್ನೂ ಗೀಗೀ ಪದವನ್ನೂ ಬಾಲ್ಯದಿಂದ ಕೇಳಿದವನು, ನಂದಗಡದ ಸಂತೆಗೆ ಹೋಗುವಾಗ ಸಮಾಧಿಗೆ ಕೈಮುಗಿದು ಮುಂದುವರಿಯುವವನು, ಮಲಪ್ರಭೆಯ ಉಗಮದ ಕಾಡುಗಳ ಕಾಲುದಾರಿಗಳನ್ನು ಬಲ್ಲವನು ತೆರೆಯ ಮೇಲೆ ಆ ವೀರನನ್ನು ಕಂಡಾಗ ಏನನ್ನು ನಿಜವೆಂದು ಒಪ್ಪಿದನು, ಏನನ್ನು ಆಡಂಬರವೆಂದು ಬದಿಗಿರಿಸಿದನು ಎಂಬುದೇ ಐತಿಹಾಸಿಕ ಚಿತ್ರದ ಕಟ್ಟಕಡೆಯ ಪರೀಕ್ಷೆ. ಅಂತಹ ಓದುಗನ ಒಂದು ಪುಟದ ಅಭಿಪ್ರಾಯವು ದೂರದಲ್ಲಿ ಕುಳಿತು ಬರೆದ ಹತ್ತು ಪುಟಗಳ ವಿಶ್ಲೇಷಣೆಗೆ ಸರಿದೂಗಬಲ್ಲದು.

ನಮ್ಮ ತರುಣರ ವಿಷಯವಾಗಿಯೂ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಸೂಪರ್‌ಹೀರೋ ಚಿತ್ರಗಳ ಸಾಲುಗಳನ್ನು, ಜಪಾನಿನ ಅನಿಮೆ ಕಥೆಗಳನ್ನು, 1977ರಲ್ಲಿ ಮೊದಲ್ಗೊಂಡ ‘ಸ್ಟಾರ್ ವಾರ್ಸ್’ ಮಾಲಿಕೆಯನ್ನು, ನಮ್ಮದೇ ಆದ ‘ಕೆಜಿಎಫ್’ ಮತ್ತು ‘ಕಾಂತಾರ’ಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿ, ಯಾವ ಪಾತ್ರ ಯಾವ ಭಾಗದಲ್ಲಿ ಏನೆಂದಿತು, ಯಾವ ದೃಶ್ಯದ ಬೀಜ ಯಾವ ಹಿಂದಿನ ಕಥೆಯಲ್ಲಿದೆ ಎಂದು ಪ್ರಮಾಣಸಹಿತವಾಗಿ ವಾದಿಸುವ ಹುಡುಗ ಹುಡುಗಿಯರು ಟಿಳಕವಾಡಿಯ ಕಾಲೇಜುಗಳಲ್ಲಿಯೂ, ಖಾನಾಪುರದಿಂದ ದಿನವೂ ರೈಲು ಬಸ್ಸುಗಳಲ್ಲಿ ನಗರಕ್ಕೆ ಬರುವ ವಿದ್ಯಾರ್ಥಿಗಳಲ್ಲಿಯೂ ಯಥೇಚ್ಛವಾಗಿದ್ದಾರೆ. ಹಿರಿಯರು ಇದನ್ನು ಕಾಲಹರಣವೆಂದು ಕರೆಯುತ್ತಾರೆ. ಆದರೆ ಆ ಹಿರಿಯರೇ ತಮ್ಮ ಬಾಲ್ಯದಲ್ಲಿ 1949ರಿಂದ ಕನ್ನಡದಲ್ಲಿ ಬರತೊಡಗಿದ ‘ಚಂದಮಾಮ’ದ ಬೇತಾಳಕಥೆಗಳನ್ನು ತಿಂಗಳು ತಿಂಗಳೂ ಕಾದು ಓದಿದವರು, ಆ ಪತ್ರಿಕೆಯ ಸ್ಥಾಪಕರಾದ ಬಿ. ನಾಗಿರೆಡ್ಡಿಯವರು ‘ಮಾಯಾಬಜಾರ್’ ಚಿತ್ರದ ನಿರ್ಮಾಪಕರೂ ಆಗಿದ್ದರು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಕೈಗೊಂಡ ‘ಅಮರ ಚಿತ್ರಕಥೆ’ಯಿಂದ ಭಾರತದ ಮಕ್ಕಳು ತಲೆಮಾರುಗಳ ಪರ್ಯಂತ ಪುರಾಣಗಳನ್ನು ಕಲಿತರು. ಜನಪ್ರಿಯವಾದ ಕಥೆಯನ್ನು ಪ್ರೀತಿಯಿಂದ ಮತ್ತೆ ಮತ್ತೆ ಓದಿ, ಅದರ ಒಳಗಿನ ನಿಯಮಗಳನ್ನು ಕಂಡುಹಿಡಿಯುವುದು ಹೊಸ ಚಾಳಿಯಲ್ಲ. ಹರಿಕಥೆಯನ್ನು ಕೇಳಿ ಬಂದು ಕಟ್ಟೆಯ ಮೇಲೆ ಕರ್ಣನ ನ್ಯಾಯಾನ್ಯಾಯಗಳನ್ನು ಚರ್ಚಿಸಿದ ಹಿಂದಿನವರಲ್ಲಿಯೂ ಇದೇ ಉತ್ಸಾಹವಿತ್ತು. ಇಂತಹ ತರುಣನು ‘ಸ್ಟಾರ್ ವಾರ್ಸ್’ ಚಿತ್ರದ ನಿರ್ಮಾಣವನ್ನು ಕುರಿತ ಗ್ರಂಥವನ್ನೋ, ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ ‘ಶೋಲೆ’ಯನ್ನು ಕುರಿತು ಅನುಪಮಾ ಚೋಪ್ರಾ ಬರೆದ ಗ್ರಂಥವನ್ನೋ ಓದಿ ಕನ್ನಡದಲ್ಲಿ ತನ್ನ ಅಭಿಪ್ರಾಯವನ್ನು ಬರೆದರೆ, ಕನ್ನಡದ ಗದ್ಯಕ್ಕೆ ಹೊಸ ಜ್ಞಾನಶಾಖೆಯೊಂದು ಒದಗಿಬರುವುದರಲ್ಲಿ ಸಂಶಯವಿಲ್ಲ.

ಈ ಮಾತಿಗೆ ಒಂದು ಆಕ್ಷೇಪ ಬರುವುದು ಸಹಜ. ಸಾಮಾನ್ಯ ಓದುಗನಿಗೆ ಕ್ಯಾಮರಾ, ಸಂಕಲನ, ಛಾಯಾಗ್ರಹಣಗಳ ತಿಳಿವಳಿಕೆಯಿಲ್ಲ. ಅವನ ಅಭಿಪ್ರಾಯವು ಅಭಿಮಾನದ ಜಯಘೋಷವೋ ಅಸೂಯೆಯ ನಿಂದೆಯೋ ಆಗಿ ಮುಗಿಯುತ್ತದೆ. ಆದುದರಿಂದ ಗ್ರಂಥವಿಮರ್ಶೆಯನ್ನು ಪಂಡಿತರಿಗೇ ಬಿಡತಕ್ಕದ್ದು, ಎಂಬುದೇ ಆ ಆಕ್ಷೇಪ. ಇದಕ್ಕೆ ಉತ್ತರವನ್ನು ನಮ್ಮ ನಾಡಿನಲ್ಲಿಯೇ ಕಾಣಬಹುದು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿ, ಅಡಕೆ ಬೆಳೆಯುವ ಕೃಷಿಕರಿಗೂ ಶಾಲೆಯ ಶಿಕ್ಷಕರಿಗೂ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿ, ಅವರೊಡನೆ ಚರ್ಚಿಸಿ, ಚಿತ್ರರಸಾಸ್ವಾದನವು ನಗರದ ವಿದ್ಯಾವಂತರ ಸ್ವತ್ತಲ್ಲವೆಂಬುದನ್ನು ಸಾಧಿಸಿ ತೋರಿಸಿತು. 1991ರಲ್ಲಿ ಸುಬ್ಬಣ್ಣನವರಿಗೆ ಸಂದ ಮ್ಯಾಗ್ಸೆಸೆ ಪ್ರಶಸ್ತಿ ಅವರ ಇಂತಹ ಸೇವೆಗಳಿಗೆ ದೊರೆತ ಮನ್ನಣೆ. ಹೊರಜಗತ್ತನ್ನು ನೋಡಿದರೂ ಇದೇ ಪಾಠ. 1947ರಲ್ಲಿ ಕಲಕತ್ತೆಯಲ್ಲಿ ಚಿತ್ರಸಂಘವನ್ನು ಕಟ್ಟಿದಾಗ ಸತ್ಯಜಿತ್ ರಾಯರು ಚಿತ್ರನಿರ್ದೇಶಕರಾಗಿರಲಿಲ್ಲ, ಚಿತ್ರಗಳನ್ನು ನೋಡಿ ಪುಸ್ತಕಗಳನ್ನು ಓದಿ ವಾದಿಸುತ್ತಿದ್ದ ಆಸಕ್ತರಾಗಿದ್ದರು. ಅವರ ‘ಅವರ್ ಫಿಲ್ಮ್ಸ್, ದೇರ್ ಫಿಲ್ಮ್ಸ್’ 1976ರಲ್ಲಿ ಬಂದಾಗ ಅದರ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಬ್ಬ ಪ್ರೇಕ್ಷಕನ ಹಸಿವು ಎದ್ದು ಕಾಣುತ್ತಿತ್ತು. ಫ್ರಾನ್ಸಿನ ನಿರ್ದೇಶಕ ತ್ರೂಫೋ 1962ರಲ್ಲಿ ಹಿಚ್‌ಕಾಕ್ ಅವರನ್ನು ದಿನಗಟ್ಟಲೆ ಪ್ರಶ್ನಿಸಿ 1966ರಲ್ಲಿ ಪ್ರಕಟಿಸಿದ ಸಂವಾದಗ್ರಂಥದ ಬಲವೂ ಪ್ರೇಕ್ಷಕನ ಕುತೂಹಲವೇ. ಅಭಿಪ್ರಾಯವು ಅಪಕ್ವವಾಗಿದ್ದರೆ ಅದನ್ನು ಪಕ್ವಗೊಳಿಸುವ ಮಾರ್ಗವು ಅದಕ್ಕೆ ಎಡೆಗೊಡುವುದೇ ಆಗಿದೆ, ಬಾಗಿಲನ್ನು ಮುಚ್ಚುವುದಲ್ಲ.

ಹಾಗೆಂದ ಮಾತ್ರಕ್ಕೆ ಎಲ್ಲ ಅಭಿಪ್ರಾಯಕ್ಕೂ ಸಮಾನವಾದ ಬೆಲೆಯುಂಟೆಂದು ನಾನು ಹೇಳುತ್ತಿಲ್ಲ. ಖಾನಾಪುರದ ಕುಂಬಾರರ ಮಡಕೆಯನ್ನು ಕೊಳ್ಳುವ ಗೃಹಿಣಿಯು ಬಣ್ಣಕ್ಕೆ ಮರುಳಾಗದೆ ಬೆರಳಿನಿಂದ ತಟ್ಟಿ ನಾದವನ್ನು ಕೇಳಿ ತೀರ್ಮಾನಿಸುವಂತೆ, ಒಳ್ಳೆಯ ಓದುಗನು ಗ್ರಂಥವನ್ನು ಮೂರು ವಿಧದಲ್ಲಿ ಪರೀಕ್ಷಿಸಬೇಕು. ಮೊದಲನೆಯದಾಗಿ, ಗ್ರಂಥಕಾರನು ಹೇಳುವ ಸಂಗತಿಗೆ ಆಧಾರವಿದೆಯೇ, ವರ್ಷ, ಊರು, ಹೆಸರುಗಳು ಸರಿಯಾಗಿವೆಯೇ ಎಂದು ನೋಡಬೇಕು. ಚಿತ್ರಲೋಕದಲ್ಲಿ ಬಾಯಿಂದ ಬಾಯಿಗೆ ಹರಡಿದ ದಂತಕಥೆಗಳು ಅಚ್ಚಾದ ಮಾತ್ರದಿಂದ ಸತ್ಯವಾಗಲಾರವು. ಎರಡನೆಯದಾಗಿ, ನಾಯಕನ ಗುಣಗಾನದ ನಡುವೆ ದುಡಿದ ಇತರರಿಗೆ ನ್ಯಾಯ ದೊರೆತಿದೆಯೇ ಎಂದು ಕೇಳಬೇಕು. ಛಾಯಾಗ್ರಾಹಕ, ಸಂಕಲನಕಾರ, ಮೇಳದ ವಾದಕ, ಸಹನಟಿ, ಊರೂರಿಗೆ ಚಿತ್ರವನ್ನು ಹೊತ್ತೊಯ್ದ ಟೂರಿಂಗ್ ಟಾಕೀಸಿನವನು ಇವರೆಲ್ಲರಿಲ್ಲದೆ ಯಾವ ತಾರೆಯೂ ಬೆಳಗಲಿಲ್ಲ. ಮೂರನೆಯದಾಗಿ, ಗ್ರಂಥದಲ್ಲಿ ತನ್ನ ನಾಡಿನ ಅನುಭವಕ್ಕೆ ಸ್ಥಳವಿದೆಯೇ ಎಂದು ಪರಿಶೀಲಿಸಿ, ಇಲ್ಲವಾದರೆ ಏನು ಬಿಟ್ಟುಹೋಗಿದೆಯೆಂಬುದನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಬರೆಯಬೇಕು. ಈ ಮೂರನ್ನೂ ಪಾಲಿಸಿದ ಓದುಗನ ಪತ್ರವು ಗ್ರಂಥದ ಎರಡನೆಯ ಮುದ್ರಣವನ್ನು ತಿದ್ದಬಲ್ಲದು.

ಇದು ನಡೆಯಬೇಕಾದರೆ ನಾಲ್ಕು ಕಡೆಗಳಿಂದ ಪ್ರಯತ್ನ ಆಗಬೇಕು. ಪತ್ರಿಕೆಗಳು ಚಿತ್ರದ ಬಿಡುಗಡೆ ಮತ್ತು ಗಳಿಕೆಯ ಸುದ್ದಿಗೆ ಕೊಡುವ ಜಾಗದಲ್ಲಿ ಒಂದು ಅಂಶವನ್ನಾದರೂ ಚಿತ್ರಗ್ರಂಥಗಳ ವಿಷಯದ ಓದುಗರ ಬರಹಗಳಿಗೆ ಪ್ರತಿ ತಿಂಗಳೂ ಮೀಸಲಿಡಲಿ. ಬೆಳಗಾವಿಯ ಗ್ರಂಥಾಲಯಗಳು, ಅವುಗಳಲ್ಲಿಯೂ ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದ ಸಾರ್ವಜನಿಕ ವಾಚನಾಲಯದಂತಹ ಸಂಸ್ಥೆಗಳು ಮತ್ತು ಸರಕಾರಿ ಗ್ರಂಥಾಲಯಗಳು, ಕನ್ನಡ ಮತ್ತು ಮರಾಠಿ ಚಿತ್ರಗ್ರಂಥಗಳನ್ನು ಒಂದೇ ಕಪಾಟಿನಲ್ಲಿ ಜೋಡಿಸಿ, ಖಾನಾಪುರದಂತಹ ತಾಲೂಕು ಸ್ಥಳಗಳಿಗೂ ಅವುಗಳ ಪ್ರತಿಗಳು ತಲಪುವಂತೆ ಏರ್ಪಾಡು ಮಾಡಲಿ. 2010ರಲ್ಲಿ ಸ್ಥಾಪಿತವಾದ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯವೂ ಅದರ ಕಾಲೇಜುಗಳೂ ವಿದ್ಯಾರ್ಥಿಗಳನ್ನು ತಂತಮ್ಮ ಊರಿನ ಟಾಕೀಸುಗಳ ಚರಿತ್ರೆಯನ್ನು ಹಿರಿಯರಿಂದ ಕೇಳಿ ಬರೆಯಲು ಪ್ರೇರೇಪಿಸಲಿ. ಪರದೆಯನ್ನು ಇಳಿಸಿ ಬೀಗ ಹಾಕಿದ ಒಂದೊಂದು ಟಾಕೀಸಿನೊಡನೆಯೂ ಒಂದೊಂದು ಬೀದಿಯ ನೆನಪು ಮುಚ್ಚಿಹೋಗುತ್ತಿದೆ. ಗ್ರಂಥಕಾರರು ತಮ್ಮ ಕೃತಿಯ ಕೊನೆಯಲ್ಲಿ ಅಕಾರಾದಿಯಾದ ಹೆಸರುಗಳ ಸೂಚಿಯನ್ನೂ, ಚಿತ್ರಗಳ ವರ್ಷವಾರು ಪಟ್ಟಿಯನ್ನೂ ತಪ್ಪದೆ ಕೊಡಲಿ. ಸೂಚಿಯಿಲ್ಲದ ದೊಡ್ಡ ಗ್ರಂಥದಲ್ಲಿ ಓದುಗನು ತನ್ನ ಊರಿನ ಹೆಸರನ್ನು ಹುಡುಕುವುದು ಹೇಗೆ, ಕಾಣದಿದ್ದಾಗ ಆ ಲೋಪವನ್ನು ತೋರಿಸಿಕೊಡುವುದು ಹೇಗೆ?

ಬೆಳಗಾವಿಗೆ ಓದಿನ ಪರಂಪರೆ ಹೊಸತಲ್ಲ. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ, 1939ರಲ್ಲಿ ಮುದವೀಡು ಕೃಷ್ಣರಾಯರ ಅಧ್ಯಕ್ಷತೆಯಲ್ಲಿ, 1980ರಲ್ಲಿ ಈ ಜಿಲ್ಲೆಯವರೇ ಆದ ಬಸವರಾಜ ಕಟ್ಟೀಮನಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನಗಳನ್ನು ನಡೆಸಿಕೊಟ್ಟ ಈ ನಗರವು ಕನ್ನಡದ ಗ್ರಂಥಗಳಿಗೆ ಯಾವತ್ತೂ ಅತಿಥಿಸತ್ಕಾರ ಮಾಡಿದೆ. ಆ ಸತ್ಕಾರವು ಸಿನಿಮಾ ಗ್ರಂಥಗಳಿಗೂ ವಿಸ್ತರಿಸಬೇಕಾದ ಕಾಲ ಈಗ ಬಂದಿದೆ. ಕಾದಂಬರಿಯ ವಿಷಯವಾಗಿ ಮಾತಾಡಲು ಹಿಂಜರಿಯದ ನಮ್ಮ ಓದುಗರು, ತಮ್ಮ ಬದುಕಿನ ಎಷ್ಟೋ ಸಂಜೆಗಳನ್ನು ತುಂಬಿದ ಚಲನಚಿತ್ರದ ಗ್ರಂಥಗಳ ವಿಷಯವಾಗಿ ಮಾತಾಡಲು ಹಿಂಜರಿಯಬೇಕಾದ ಕಾರಣವೇ ಇಲ್ಲ. ಗ್ರಂಥವನ್ನು ಬರೆಯುವವನು ಒಬ್ಬನೇ ಆದರೂ ಒಂದು ನಾಡಿನ ಚಿತ್ರಚರಿತ್ರೆಯನ್ನು ಪೂರ್ತಿಗೊಳಿಸುವ ಕೆಲಸ ಅನೇಕರದು; ಆ ಅನೇಕರಲ್ಲಿ ತಾವೂ ಸೇರಿದ್ದೇವೆಂಬ ಅರಿವಿನಿಂದ ಬೆಳಗಾವಿಯ ಮತ್ತು ಖಾನಾಪುರದ ಓದುಗರು ಲೇಖನಿಯನ್ನು ಕೈಗೆತ್ತಿಕೊಂಡರೆ, ಮುಂದೆ ಬರೆಯಲಾಗುವ ಕನ್ನಡ ಚಲನಚಿತ್ರದ ಇತಿಹಾಸದಲ್ಲಿ ಈ ಗಡಿನಾಡು ಅಡಿಟಿಪ್ಪಣಿಯಾಗಿ ಉಳಿಯದೆ ತನ್ನ ಹೆಸರಿನ ಅಧ್ಯಾಯವನ್ನು ಪಡೆಯುವುದು ನಿಶ್ಚಯ.